ಹನ್ನೆರಡನೆಯ ಸಂಪುಟಕ್ಕೆ ಕಾಯುತ್ತ

ಕಳೆದ ಗುರುವಾರ ಬೆಳಿಗ್ಗೆ ನನಗೊಂದು ಇಮೇಲ್ ಬಂತು. ನಾವು ಮುಂಗಡ ಕಾದಿರಿಸಿದ್ದ ಜಪಾನಿ ಮಾಂಗಾ ಸರಣಿಯ ಹನ್ನೆರಡನೆಯ ಸಂಪುಟ ಈ ತಿಂಗಳು ಬರುವುದಿಲ್ಲ. ಹೊಸ ದಿನಾಂಕ ತಿಳಿಸಿಲ್ಲ. ಕಾರಣವನ್ನೂ ತಿಳಿಸಿಲ್ಲ.

ಇದೂ ಒಂದು ಸುದ್ದಿಯೇ? ಲಂಡನ್ನಿನ ಇಲ್ಫರ್ಡ್‌ನ ನಮ್ಮ ಮನೆಯ ಮಟ್ಟಿಗೆ ಮುಖಪುಟದ ಸುದ್ದಿ.

ಮಾಂಗಾ ಅಂದರೆ ಜಪಾನಿನ ಚಿತ್ರಕಥೆ. ಬಲದಿಂದ ಎಡಕ್ಕೆ ಓದಬೇಕು. ಈ ಸರಣಿ (ಹೆಸರು ಬೇಡ, ಜಾಹೀರಾತಾದೀತು) ಮೊದಲು ಅಲ್ಲಿನ ಮಾಸಿಕವೊಂದರಲ್ಲಿ ಕಂತುಗಳಾಗಿ ಬಂತು. ಕಂತುಗಳು ಸೇರಿ ಸಂಪುಟಗಳಾದವು. ನಡುವೆ ಚಿತ್ರಕಾರರಿಗೆ ಕೈನೋವು. ಬಹಳ ಕಾಲ ನಿಂತಿತು. ಮತ್ತೆ ಶುರುವಾಗಿ ಹನ್ನೆರಡಕ್ಕೆ ಮುಗಿಯಿತು. ಇಂಗ್ಲಿಷ್ ಅನುವಾದ ಮಾತ್ರ ಹನ್ನೊಂದರಲ್ಲೇ ಇದೆ.

ಕಥೆ ದೊಡ್ಡದೇನಲ್ಲ. ಪುಟ್ಟ ದ್ವೀಪದ ಜೆಟ್ಟಿಯಲ್ಲಿ ಟಿಕೆಟ್ ಹರಿಯುವ ಹುಡುಗಿ. ಸಮುದ್ರಕ್ಕೆ ಹೋದ ಅಣ್ಣ ಮರಳಿಲ್ಲ. ಹನ್ನೊಂದರ ಕೊನೆಯ ಪುಟದಲ್ಲಿ ದೋಣಿಯೊಂದು ಬಂದು ನಿಲ್ಲುತ್ತದೆ. ಇಳಿಯುವವನ ಕಾಲು ಕಾಣುತ್ತದೆ, ಮುಖವಿಲ್ಲ.

ನನ್ನ ಮಗಳು ಅನ್ವಿಗೆ ಹದಿನಾಲ್ಕು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ನನ್ನ ಅಮ್ಮ ಇರುವುದು ಕುಂದಾಪುರದಲ್ಲಿ, ನನ್ನ ತಂಗಿಯ ಮನೆಯಲ್ಲಿ. ಬೇಸಿಗೆಗೆ ಇಲ್ಲಿಗೆ ಬರುತ್ತಾಳೆ. ಅವಳಿಗೆ ಇಂಗ್ಲಿಷ್ ಬಾರದು. ಉಳಿದ ತಿಂಗಳುಗಳಲ್ಲಿ ಅಜ್ಜಿ–ಮೊಮ್ಮಗಳ ವಿಡಿಯೋ ಕಾಲ್ ಅಂದರೆ "ಊಟ ಆಯ್ತಾ ಅಜ್ಜಿ?" ಅಷ್ಟೇ. ಆಮೇಲೆ ಫೋನ್ ನನ್ನ ಕೈಗೆ.

ಮೂರು ಬೇಸಿಗೆಗಳ ಹಿಂದೆ ಸೋಫಾದ ಮೇಲಿದ್ದ ಮೊದಲ ಸಂಪುಟವನ್ನು ಅಮ್ಮ ಎತ್ತಿಕೊಂಡಳು. (ನಮ್ಮ ಪುಸ್ತಕದಂತೆ ತೆರೆದಳು, ಅಂದರೆ ಕೊನೆಯಿಂದ.) ಅನ್ವಿ ತಿರುಗಿಸಿ ಕೊಟ್ಟಳು.

"ಇದೆಂತ ಕಥೆ? ಹೇಳ್ ಕಾಂಬೊ" ಎಂದಳು ಅಮ್ಮ.

ಮಗಳು ಚಿತ್ರದ ಮೇಲೆ ಬೆರಳಿಟ್ಟು ಹೇಳತೊಡಗಿದಳು. ಕನ್ನಡದಲ್ಲಿ! ನಾನು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕೇಳಿಸಿಕೊಂಡೆ.

ಅಂದಿನಿಂದ ಅಮ್ಮ ಇಲ್ಲಿರುವಷ್ಟು ದಿನ, ಭಾನುವಾರ ಊಟವಾದ ಮೇಲೆ ಇದೇ ಕಾರ್ಯಕ್ರಮ.

"ಅವಳು ಬಾಗಿಲು ಓಪನ್ ಮಾಡಿದ್ಳು ಅಜ್ಜಿ. ಒಳಗೆ ಯಾರೂ ಇಲ್ಲ."

"ಯಾರೂ ಇಲ್ಯಾ? ಹಂಗಾರೆ ದೀಪ ಹಚ್ಚಿದ್ ಯಾರ್ ಹೆಣೆ?"

"ವೇಟ್ ಮಾಡಿ ಅಜ್ಜಿ! ನೀವು ತುಂಬಾ ಫಾಸ್ಟ್."

ಹನ್ನೊಂದನೆಯದು ಈ ಬೇಸಿಗೆಯ ನಡುವೆಯೇ ಮುಗಿಯಿತು. ಗುರುವಾರದ ಇಮೇಲ್ ಓದಿ ಹೇಳಿದಾಗ ಅಮ್ಮ ನನ್ನ ಮೇಲೇ ಹರಿಹಾಯ್ದಳು.

"ಕಾಲ್ ತೋರ್ಸಿದವ್ನಿಗೆ ಮೊಕ ತೋರ್ಸುಕೆ ಎಂತ ಕಷ್ಟ? ನೀ ಪೇಪರಿನವ ಅಲ್ದಾ, ಒಂದ್ ಫೋನ್ ಮಾಡಿ ಕೇಂಬುಕೆ ಆತಿಲ್ಯಾ?"

ಕೇಳಿದೆ. ಪ್ರಕಾಶಕರ ಕಚೇರಿಯಲ್ಲಿ ಸಿಕ್ಕವರು ಸೌಜನ್ಯದಿಂದ ಮಾತಾಡಿದರು. ಅವರಿಗೂ ಗೊತ್ತಿರಲಿಲ್ಲ.

ಶನಿವಾರ ಮಗಳೊಂದಿಗೆ ಟ್ಯೂಬ್ ರೈಲಿನಲ್ಲಿ ಹೋಗುವಾಗ ಒಂದು ಉಪಾಯ ಹೇಳಿದೆ. ಜಪಾನಿ ಓದಿದ ಯಾರಾದರೂ ಕೊನೆಯ ಸಂಪುಟದ ಸಾರಾಂಶವನ್ನು ಆನ್‌ಲೈನ್‌ನಲ್ಲಿ ಹಾಕಿರಬಹುದಲ್ಲ? ಅದನ್ನೇ ಅಜ್ಜಿಗೆ ಹೇಳಿಬಿಡು.

ಅವಳು ಕಿಟಕಿಯ ಕಡೆ ತಿರುಗಿದಳು. "ಐ ನೋ. ಹೋದ ವರ್ಷವೇ ಓದಿದೀನಿ."

"ಮತ್ತೆ ಹೇಳಲಿಲ್ಲ ಯಾಕೆ?"

"ಅದು ಮುಗಿದ್ರೆ, ಡ್ಯಾಡ್, ಆಮೇಲೆ ಅಜ್ಜಿ ಹತ್ರ ಏನು ಮಾತಾಡ್ಲಿ?"

ಪ್ರಶ್ನೆ ಕೇಳುವುದೇ ನನ್ನ ಕಸುಬು. ಆದರೂ ಮಗಳು ಕನ್ನಡದಲ್ಲೇ ಕೇಳಿದ್ದಾಳೆ ಎಂಬುದು ಹೊಳೆದದ್ದು ಎರಡು ಸ್ಟೇಷನ್ ದಾಟಿದ ಮೇಲೆ.

ಭಾನುವಾರ ಊಟವಾಯಿತು. ಅಮ್ಮ ಕನ್ನಡಕ ಹಾಕಿಕೊಂಡು ಸೋಫಾದಲ್ಲಿ ಕಾದು ಕೂತಳು.

"ಬಂತನೆ?"

"ಇನ್ನೂ ಇಲ್ಲ ಅಜ್ಜಿ."

"ಅಡ್ಡಿಲ್ಲ. ಮೊದ್ಲಿಂದ ಹೇಳ್. ಆ ದೀಪ ಹಚ್ಚಿದ್ ಯಾರಂದ್ ನಂಗ್ ಮರ್ತ್ ಹೋಯ್ತ್."

(ಅಮ್ಮ ಮರೆಯುವವಳಲ್ಲ. ಯಾರ ಮದುವೆಯಲ್ಲಿ ಯಾವ ಪಾಯಸ ಎಂದು ಇಂದಿಗೂ ಹೇಳುತ್ತಾಳೆ.) ಅನ್ವಿ ಎದ್ದು ಹೋಗಿ ಮೊದಲ ಸಂಪುಟ ತಂದಳು. ಒಂದು ಅಧ್ಯಾಯ ಹೇಳಿದಳು, ಹಿಂದಿಗಿಂತ ನಿಧಾನವಾಗಿ.

ಇಂದು ಬೆಳಿಗ್ಗೆ ಪ್ರಕಾಶಕರ ಪುಟ ನೋಡಿದೆ. ದಿನಾಂಕವಿಲ್ಲ. ಅಮ್ಮನ ವಿಮಾನ ಇದೇ ಇಪ್ಪತ್ತಾರಕ್ಕೆ.