ಅಂಗೈ ನಡುಕದ ಬೆನ್ನು ಹತ್ತಿದ ಮಹಾನಂದಾ

ಬೆಳಗಿನ ಐದೂಮುಕ್ಕಾಲು. ಕುಬಿಹಾಳದ ಬಸ್ ನಿಲ್ದಾಣದಲ್ಲಿ ಆಶಾ ಕಾರ್ಯಕರ್ತೆ ಮಹಾನಂದಾ ಕೂರುವುದೂ ಇಲ್ಲ, ನಿಲ್ಲುವುದೂ ಇಲ್ಲ. ರಸ್ತೆಯ ತಿರುವಿನವರೆಗೆ ಹೋಗಿ ಇಣುಕುತ್ತಾರೆ, ಮರಳುತ್ತಾರೆ. ಕಟ್ಟೆಯ ಮೇಲೆ ಅರವತ್ತೆಂಟರ ಅಂದಾನೆಪ್ಪ. ಎರಡೂ ಕೈ ನಡುಗುತ್ತಿವೆ. ಪತ್ನಿ ಸುಶೀಲವ್ವ ಗುಳಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಾರೆ.

"ಒಂದರ ಕೊಡ್ಲೇನ ಬೇ? ಕಣ್ಣಿಲೆ ನೋಡಾಕ ಆಗವಲ್ದು."

"ಬ್ಯಾಡ್ರಿ ಕಾಕೂ. ಗುಳಗಿ ನುಂಗಿಸದ ಕರ್ಕೊಂಡ ಬರ್ರಿ ಅಂತ ಡಾಕ್ಟರ ಹೇಳ್ಯಾರ. ನಡುಕ ಅವರ ಕಣ್ಣಿಗೆ ಬೀಳಬೇಕು."

"ನಿನ್ನ ಕೈ ನಡುಗಿದ್ರ ಗೊತ್ತಾಕ್ಕಿತ್ತು ನಿನಗ!"

ಅಂದಾನೆಪ್ಪನವರಿಗೆ ಪಾರ್ಕಿನ್ಸನ್ ಕಾಯಿಲೆ. ಎರಡು ವರ್ಷದ ಹಿಂದೆ ದೂರದ ನಗರವೊಂದರಲ್ಲಿ ಮಿದುಳಿಗೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಯಂತ್ರವೊಂದನ್ನು ಕೂರಿಸಿದ್ದಾರೆ. ಅದರ ಕರೆಂಟು ನಡುಕವನ್ನು ಹತ್ತಿಕ್ಕುತ್ತದೆ. ಆದರೆ ಆಗಾಗ ಅದನ್ನು ಹೊಂದಿಸಬೇಕು. ಅಷ್ಟು ದೂರ ಮತ್ತೆ ಹೋಗಲಾಗದೆ ವರ್ಷ ಕಳೆದಿದೆ, ನಡುಕ ಮರಳಿದೆ.

ಅವರು ಬೇಡುವುದು ಒಂದನ್ನೇ: ಬೆಳಗಿನ ಪೂಜೆಯಲ್ಲಿ ಇಷ್ಟಲಿಂಗವನ್ನು ತಮ್ಮ ಅಂಗೈಯಲ್ಲಿ ತಾವೇ ಹಿಡಿಯುವುದು. ಈಗ ಸುಶೀಲವ್ವನ ಕೈ ಕೆಳಗಿರದಿದ್ದರೆ ಲಿಂಗ ಜಾರುತ್ತದೆ. ದೇವರು ಬಿದ್ದಾನೆಂಬ ಭಯಕ್ಕೆ ಕಣ್ಣು ಮುಚ್ಚಲಾಗದ ಭಕ್ತನಿಗೆ ಧ್ಯಾನವೆಲ್ಲಿಯದು!

ಹದಿಮೂರು ವರ್ಷದಿಂದ ಮಹಾನಂದಾ ಇನ್ನೂರಹದಿನಾಲ್ಕು ಮನೆಗಳ ಗರ್ಭಿಣಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುತ್ತಿದ್ದಾರೆ. "ಇದು ನನ್ನ ಕೆಲಸದಾಗ ಬರಂಗಿಲ್ರಿ ಖರೆ. ಆದ್ರ ದಿನಾ ಆ ಮನಿ ಮುಂದ ಹಾಯಬೇಕಲ್ರಿ" ಎನ್ನುತ್ತಾರೆ. ಹುಬ್ಬಳ್ಳಿ-ಧಾರವಾಡದ ಇಪ್ಪತ್ಮೂರು ಕಡೆ ಫೋನು ಮಾಡಿದ್ದಾರೆ. "ಎದಿಯಾಗ ಮಷೀನ್ ಐತಿ ಅಂದಿದ್ದಕ್ಕ ಒಬ್ರು ಹಾರ್ಟ್ ಡಾಕ್ಟರ ಕಡೆ ಕಳಿಸಿದ್ರು ನೋಡ್ರಿ!" ಕೊನೆಗೆ ಯಂತ್ರದ ಕಾರ್ಡಿನಲ್ಲಿದ್ದ ನಂಬರು ಹಿಡಿದು ಕಂಪನಿಯವರನ್ನೇ ಕಾಡಿ, ತಿಂಗಳ ಮೊದಲ ಶನಿವಾರ ಹುಬ್ಬಳ್ಳಿಗೆ ಬರುವ ನರರೋಗ ತಜ್ಞರನ್ನು ಪತ್ತೆ ಮಾಡಿದ್ದಾರೆ.

ಕಳೆದ ತಿಂಗಳು ಹೋದದ್ದು ವ್ಯರ್ಥವಾಗಿದೆ. ಅಂದಾನೆಪ್ಪ ಅಂದು ಜಳಕ ಮಾಡಿ, ವಿಭೂತಿ ಧರಿಸಿ, ನಡುಕ ಕಾಣದಿರಲೆಂದು ಗುಳಿಗೆ ನುಂಗಿ ಹೋಗಿದ್ದರು. ತಜ್ಞರು ಕೇಳಿದ್ದಕ್ಕೆಲ್ಲ "ಅಗದಿ ಆರಾಮ್ರಿ ಸಾಹೇಬ್ರ" ಎಂದಿದ್ದರು. ದೊಡ್ಡವರೆದುರು ಸಂಕಟ ಹೇಳಿಕೊಳ್ಳುವುದು ಅವರ ಮರ್ಯಾದೆಗೆ ಒಗ್ಗದು. ಯಂತ್ರ ಇದ್ದ ಹಾಗೇ ಉಳಿಯಿತು.

ಇಂದು ಹುಬ್ಬಳ್ಳಿಯಲ್ಲಿ ಹನ್ನೊಂದಕ್ಕೆ ತಜ್ಞರು ಒಳಗೆ ಕರೆಯುತ್ತಾರೆ. ಅಂದಾನೆಪ್ಪ ಮತ್ತೆ ಬಾಯಿ ತೆರೆಯುತ್ತಾರೆ: "ಆರಾಮ..."

"ಕಾಕಾ, ಸುಮ್ನ ಕುಂಡ್ರ್ರಿ. ಆರಾಮ ಇದ್ದವ್ರು ಇಲ್ಲಿಗ್ಯಾಕ ಬರ್ತಾರ?" ಎಂದ ಮಹಾನಂದಾ, ಯಾವ ಹೊತ್ತಿಗೆ ಎಷ್ಟು ನಡುಕ ಎಂದು ತಿಂಗಳಿಡೀ ಬರೆದ ಹಾಳೆಗಳನ್ನು ಮುಂದಿಡುತ್ತಾರೆ. ತಜ್ಞರು ಓದುತ್ತಾರೆ, ಕರೆಂಟನ್ನು ತುಸುತುಸುವೇ ಏರಿಸುತ್ತಾರೆ. ನಾಲಿಗೆ ತೊದಲಿದಾಗ ಇಳಿಸುತ್ತಾರೆ. ಒಂದೂವರೆ ತಾಸಿನ ಬಳಿಕ ಬೆರಳುಗಳ ನಡುಕ ನಿಲ್ಲುತ್ತದೆ. ಮನೆಯಲ್ಲೂ ಹೀಗೇ ಇರುವುದೋ ಇಲ್ಲವೋ, ನೋಡಿ ತಿಳಿಸಿ ಎನ್ನುತ್ತಾರೆ ತಜ್ಞರು.

ಮರುದಿನ ಮುಂಜಾನೆ ಅಂದಾನೆಪ್ಪ ಪೂಜೆಗೆ ಕುಳಿತಿದ್ದಾರೆ. ಮಹಾನಂದಾ ಅಂಗಳದಲ್ಲಿ ಶತಪಥ ತಿರುಗುತ್ತಿದ್ದಾರೆ. ಒಳಗೆ ಹೋಗಲೊಲ್ಲರು, ಹೊರಟೂ ಹೋಗಲಾರರು. ಕಾಲು ಗಂಟೆಯ ಮೇಲೆ ಸುಶೀಲವ್ವ ಹೊಸ್ತಿಲಿಗೆ ಬರುತ್ತಾರೆ.

"ನಾ ಕೈ ಹಚ್ಚಲಿಲ್ಲ ಬೇ. ಬಾಜು ಕುಂತ ನೋಡ್ದೆ, ಅಷ್ಟ. ಕಣ್ಣ ಮುಚ್ಚಿದವ್ರು ಇನ್ನೂ ತಗದಿಲ್ಲ."

ಮಹಾನಂದಾ ಲಸಿಕೆಯ ಪಟ್ಟಿ ಕೈಗೆತ್ತಿಕೊಂಡು ಮುಂದಿನ ಮನೆಯತ್ತ ನಡೆಯುತ್ತಾರೆ. "ಹುಬ್ಬಳ್ಳ್ಯಾಗ ದಿನಾ ಸಿಗೂವಂಥ ಒಬ್ರು ಡಾಕ್ಟರ ಬರ್ಲಿರಿ," ಎನ್ನುತ್ತಾರೆ. "ಆಮ್ಯಾಲ ನಾ ನನ್ನ ಕೂಸುಗಳನ್ನ ನೋಡ್ಕೊಂತ ಇರ್ತೀನಿ."