ಕಾಯುವ ಸಾಲು ಮತ್ತು ಬೇವಿನ ತುಂಡು

ನಾನೇ ಬರೆದದ್ದನ್ನು ನಾನೇ ಓದಲಾರದೆ ಕೂತ ಆ ಮೂರು ದಿನ ನೆನೆದರೆ ಈಗಲೂ ಕತ್ತು ನೋಯುತ್ತದೆ. ರಾಯಚೂರಿನ ನನ್ನ ಅಂಗಡಿಯಲ್ಲಿ ಅಕ್ಕಿ ಮಿಲ್ಲುಗಳ ಯಂತ್ರಗಳಿಗೆ ಎಲೆಕ್ಟ್ರಾನಿಕ್ ಬೋರ್ಡ್ ಮಾಡಿಕೊಡುತ್ತೇನೆ. ಬೋರ್ಡಿನ ಚಿಪ್‌ಗೆ ತುಂಬುವ ಪ್ರೋಗ್ರಾಂ ಕೂಡ ನನ್ನದೇ. ಆದರೆ ಆ ಮೂರು ದಿನ ನನ್ನ ಮುಂದೆ ಇದ್ದದ್ದು ನಾನು ಬರೆದ ಪ್ರೋಗ್ರಾಂ ಅಲ್ಲ, ಚಿಪ್‌ನಿಂದ ಹೊರತೆಗೆದ ಬರೀ ಅಂಕಿಗಳು. ಅವನ್ನು ಪುಟ್ಟ ಪುಟ್ಟ ಆಜ್ಞೆಗಳಾಗಿ ಬಿಡಿಸಿ ತೋರಿಸುವ ಒಂದು ತಂತ್ರಾಂಶವಿದೆ. ಇದನ್ನು ಎತ್ತು, ಅಲ್ಲಿ ಇಡು, ಒಂದು ಕಳೆ, ಸೊನ್ನೆಯಾಯಿತೇ ನೋಡು, ಆಗದಿದ್ದರೆ ಹಿಂದಕ್ಕೆ ಹೋಗು. ಹೀಗೇ ಸಾವಿರಾರು ಸಾಲು. ಯಾಕೆ ಎಂಬುದು ಒಂದು ಸಾಲಿನಲ್ಲೂ ಇರುವುದಿಲ್ಲ. ನಮ್ಮ ಕಸುಬಿನವರು ಇದಕ್ಕೆ ಡಿಸ್‌ಅಸೆಂಬ್ಲಿ ಎನ್ನುತ್ತಾರೆ. ನಾನು ಇಟ್ಟ ಹೆಸರು ಬೇರೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಮೂಲ ಬರಹ ಎಲ್ಲಿ ಎಂದು ಕೇಳಬೇಡಿ. ಹಳೆಯ ಕಂಪ್ಯೂಟರ್ ಕೆಟ್ಟಾಗ ಅದರ ಜೊತೆಗೇ ಹೋಯಿತು. ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನೇ.

ಇದೆಲ್ಲ ಶುರುವಾದದ್ದು ಮಾನ್ವಿಯ ಮಿಲ್ಲಿನ ಸಾವ್ಕಾರರೊಬ್ಬರ ಫೋನಿನಿಂದ. ಅವರ ಮಿಲ್ಲಿನ ಅಕ್ಕಿ ಆರಿಸುವ ಯಂತ್ರಕ್ಕೆ ಹನ್ನೊಂದು ವರ್ಷದ ಹಿಂದೆ ನನ್ನ ಬೋರ್ಡ್ ಹಾಕಿದ್ದೆ. ಆ ಯಂತ್ರದಲ್ಲಿ ಅಕ್ಕಿ ಒಂದು ಇಳಿಜಾರು ತಗಡಿನ ಮೇಲಿಂದ ಜಾರಿ ಬೀಳುತ್ತದೆ. ಕ್ಯಾಮೆರಾ ಕಪ್ಪು ಕಾಳನ್ನು ಕಂಡರೆ, ಅದು ಕೆಳಗೆ ಬರುವಷ್ಟು ಹೊತ್ತು ಕಾದು, ಗಾಳಿಯ ನಳಿಕೆ ಆ ಕಾಳನ್ನಷ್ಟೇ ಊದಿ ಆಚೆ ಹಾರಿಸುತ್ತದೆ. ಒಂದು ತಿಂಗಳಿಂದ ಎಲ್ಲ ಉಲ್ಟಾ ಆಗಿತ್ತು. ಕಪ್ಪು ಕಾಳು ಒಳಗೇ ಉಳಿದು ಒಳ್ಳೆಯ ಅಕ್ಕಿ ಹೊರಗೆ ಹಾರುತ್ತಿತ್ತು. ಯಂತ್ರ ನೋಡಿಕೊಳ್ಳುವ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಅವರಿಗೆ ಈಗ ಕಣ್ಣು ಕಾಣುವುದಿಲ್ಲ, ಅಮಾವಾಸ್ಯೆಯ ಪೂಜೆಗೆ ಮುಂಚೆಯೇ ಕೆಲಸ ಬಿಡಿಸುತ್ತೇನೆ ಎಂದರು ಸಾವ್ಕಾರರು. ನಾನು ಬಂದು ಬೋರ್ಡ್ ಸರಿ ಇದೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು.

ಹೇಳಿಯೇ ಬಿಡುತ್ತಿದ್ದೆ. ಕೆಲ ವರ್ಷಗಳ ಹಿಂದೆ ದೇವದುರ್ಗದ ಒಂದು ಮಿಲ್ಲಿನಿಂದ ಇದೇ ದೂರು ಬಂದಾಗ ಹಾಗೇ ಹೇಳಿದ್ದೆ. ಮೀಟರ್ ಹಚ್ಚಿ ನೋಡಿ, ಬೋರ್ಡ್ ಸರಿ ಇದೆ, ದೋಷವಿರುವುದು ನಿಮ್ಮ ಆಪರೇಟರನ ಕೈಯಲ್ಲಿ ಎಂದು ಹೇಳಿ, ಕೊಟ್ಟ ಚಹಾ ಕುಡಿದು ಬಸ್ಸು ಹತ್ತಿದ್ದೆ. ಮಾನ್ವಿಯಲ್ಲೂ ಮೀಟರ್ ಎಲ್ಲ ಸರಿಯಾಗಿಯೇ ತೋರಿಸಿತು. ಅದನ್ನು ಚೀಲಕ್ಕೆ ಹಾಕುವಾಗ ಚಾಚಾ ಹತ್ತಿರ ಬಂದರು. ನನ್ನ ಅಂಗೈಯಲ್ಲಿದ್ದ ಅಕ್ಕಿಯೊಳಗಿಂದ, ಕನ್ನಡಕ ಹಾಕಿದ ನನಗೇ ಕಾಣದ ಒಂದು ಚುಕ್ಕೆ ಕಾಳನ್ನು ಉಗುರಿನಲ್ಲಿ ಎತ್ತಿ ತೋರಿಸಿದರು.

"ನನ್ನ ಕಣ್ಣು ಛಲೋ ಅದಾವ ಅಕ್ಕಾರ. ಒಮ್ಮಿ ಒಳಗ ಬಿಚ್ಚಿ ನೋಡ್ರಿ" ಎಂದರು.

ನನಗೆ ಸಿಟ್ಟು ಬಂತು. ನನ್ನ ಕೆಲಸ ನನಗೇ ಹೇಳಿಕೊಡುತ್ತಾರೆ ಎನ್ನುವ ಸಿಟ್ಟು. ಆ ಸಿಟ್ಟಿನಲ್ಲೇ ಚಿಪ್‌ನ ಅಂಕಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ರಾಯಚೂರಿಗೆ ಬಂದೆ.

ಎರಡು ದಿನ ಏನೂ ಸಿಗಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ನಾಳೆ ಬನ್ನಿ ಎಂದು ಹೇಳಿ ಹೇಳಿ ಸಾಕಾಯಿತು. ಮೂರನೆಯ ದಿನ ಅದೇ ತರಹದ ಇನ್ನೊಂದು ಬೋರ್ಡಿಗೆ ಆ ಅಂಕಿಗಳನ್ನೇ ತುಂಬಿ ಮೇಜಿನ ಮೇಲೆ ಓಡಿಸಿ ಪ್ರೊಫೈಲರ್ ಹಚ್ಚಿದೆ. ಯಾವ ಸಾಲಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಆ ಸಾಲಿನ ಪಕ್ಕದಲ್ಲೇ ತೋರಿಸುವ ಸಾಧನ ಅದು. ಕಾಳು ಕಂಡಾಗಿನಿಂದ ಗಾಳಿ ಊದುವ ತನಕದ ಹೊತ್ತನ್ನೆಲ್ಲ ಕೂಡಿಸಿದರೆ, ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಇದ್ದದ್ದಕ್ಕಿಂತ ಕಡಿಮೆ ಬಂತು. ಮೂರು ಸಲ ಕೂಡಿಸಿದೆ. ನೋಟ್‌ಬುಕ್ಕಿನಲ್ಲಿ ಎರಡು ಕಾಯುವಿಕೆ ಬರೆದಿದ್ದೆ. ಮೊದಲು ದೊಡ್ಡದು, ಆಮೇಲೆ ಏನೂ ಮಾಡದೆ ಸುಮ್ಮನೆ ಸುತ್ತುವ ಸಣ್ಣದು. ದೊಡ್ಡದು ಚಿಪ್‌ನಲ್ಲಿತ್ತು. ಸಣ್ಣದು ಇರಲೇ ಇಲ್ಲ.

ಆಗ ನೆನಪಾಯಿತು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಂಬುದು ಬಲು ಜಾಣ. ಪ್ರೋಗ್ರಾಂ ಚುರುಕು ಮಾಡು ಎಂದರೆ, ಯಾವ ಕೆಲಸದಿಂದ ಏನೂ ಬದಲಾಗುವುದಿಲ್ಲವೋ ಅದನ್ನು ತೆಗೆದುಹಾಕುತ್ತದೆ. ನನ್ನ ಸಣ್ಣ ಕಾಯುವಿಕೆ ಏನನ್ನೂ ಕೂಡಿಸುತ್ತಿರಲಿಲ್ಲ, ಕಳೆಯುತ್ತಿರಲಿಲ್ಲ, ಹೊತ್ತು ಕಳೆಯುತ್ತಿತ್ತು ಅಷ್ಟೇ. ಅದಕ್ಕೆ ಕೊಟ್ಟ ಕೆಲಸವೇ ಅದು. ಬೋರ್ಡ್ ಮಿಲ್ಲಿಗೆ ಕಳಿಸುವ ಹಿಂದಿನ ದಿನ, ನೋಡಿ ನನ್ನ ಪ್ರೋಗ್ರಾಂ ಎಷ್ಟು ಚಿಕ್ಕದಾಯಿತು ಎಂದು ಹೇಳಿಕೊಳ್ಳುವ ಚಪಲಕ್ಕೆ ಆ ಚುರುಕಿನ ಗುಂಡಿ ಒತ್ತಿದ್ದೆ. ಆಮೇಲೆ ಅಕ್ಕಿ ಹಾಯಿಸಿ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ದಣಿವಾಯಿತು.

ಆದರೆ ಬೋರ್ಡಿನಲ್ಲಿ ಮೊದಲಿನಿಂದಲೂ ತಪ್ಪಿದ್ದರೆ ಇಷ್ಟು ವರ್ಷ ಯಂತ್ರ ಸರಿಯಾಗಿ ನಡೆದದ್ದು ಹೇಗೆ? ಮರುದಿನ ದೊಡ್ಡ ಕಾಯುವಿಕೆಯ ಎಣಿಕೆಯನ್ನೇ ಹೆಚ್ಚಿಸಿದ ಹೊಸ ಚಿಪ್ ಹಿಡಿದು ಮಾನ್ವಿಗೆ ಹೋಗಿ ಚಾಚಾನನ್ನೇ ಕೇಳಿದೆ. ಅವರು ಸಾವ್ಕಾರರು ಎಲ್ಲಿದ್ದಾರೆ ಎಂದು ಮೊದಲು ನೋಡಿಕೊಂಡರು. ಆಮೇಲೆ ಹೇಳಿದರು. ಯಂತ್ರ ಬಂದ ಮೊದಲ ವಾರವೇ ಗಾಳಿಗೆ ಅವಸರ ಜಾಸ್ತಿ ಎಂದು ಅವರಿಗೆ ಗೊತ್ತಾಗಿತ್ತಂತೆ. ತಗಡಿನ ಮೇಲ್ತುದಿಯ ಕಾಲಿನ ಕೆಳಗೆ ಬೇವಿನ ಕಟ್ಟಿಗೆಯ ತುಂಡು ಇಟ್ಟು ಇಳಿಜಾರು ಹೆಚ್ಚಿಸಿದರು. ಅಕ್ಕಿ ಬೇಗ ಜಾರಿ ಗಾಳಿಯ ಅವಸರಕ್ಕೆ ಸರಿಹೋಯಿತು. ಕಟ್ಟಿಗೆ ಸವೆದಾಗಲೆಲ್ಲ ಬೇರೆಯದನ್ನು ಕೆತ್ತಿ ಇಟ್ಟಿದ್ದರು. ಹೋದ ತಿಂಗಳು ಸಾವ್ಕಾರರು ಯಂತ್ರಕ್ಕೆ ಬಣ್ಣ ಹೊಡೆಸಿದ್ದರು. ಬಣ್ಣದವರು ಆ ತುಂಡನ್ನು ಕಸವೆಂದು ಎಸೆದು, ರಸಮಟ್ಟ ಹಿಡಿದು ಮಟ್ಟ ಸರಿಮಾಡಿ, ಕಾಲಿಗೆ ಬೋಲ್ಟ್ ಬಿಗಿದು ಹೋಗಿದ್ದರು.

ಆಗಲೇ ಯಾಕೆ ಹೇಳಲಿಲ್ಲ ಎಂದೆ.

"ಇಷ್ಟು ದೊಡ್ಡ ಮಷಿನಿಗಿ ಕಟ್ಟಿಗಿ ಇಟ್ಟೀನಂತ ಹೇಳಿದ್ರ, ಕೆಡಿಸಿದಾವ ನೀನೇ ಅಂತಿದ್ದರ್ರಿ."

ಸಾವ್ಕಾರರ ಮುಂದೆ ನಿಂತು, ತಪ್ಪು ನನ್ನದು, ಹನ್ನೊಂದು ವರ್ಷ ಅದನ್ನು ತಿದ್ದಿಕೊಂಡು ಬಂದವರು ಚಾಚಾ ಎಂದು ಹೇಳಿದೆ. ಹೊಸ ಚಿಪ್ ಹಾಕಿ ಅಕ್ಕಿ ಹಾಯಿಸಿದೆವು. ಬೆಳ್ಳಗೆ ಬಂತು. ಸಾವ್ಕಾರರು ಒಂದು ಹಿಡಿ ಅಕ್ಕಿಯನ್ನು ಬಹಳ ಹೊತ್ತು ನೋಡಿ, ಅಮಾವಾಸ್ಯೆಗೆ ರಜೆ ಹಾಕಬೇಡ, ಪೂಜೆಗೆ ಯಂತ್ರ ತೊಳೆಯುವುದು ನಿನ್ನದೇ ಕೆಲಸ ಎಂದು ಚಾಚಾನಿಗೆ ಹೇಳಿದರು. ಅವರಿಂದ ಅದಕ್ಕಿಂತ ದೊಡ್ಡ ಕ್ಷಮೆ ಯಾರೂ ಕೇಳಿಸಿಕೊಂಡಿರಲಿಕ್ಕಿಲ್ಲ.

ಚಾಚಾ ನನ್ನ ಚೀಲ ಹಿಡಿದು ಗೇಟಿನವರೆಗೆ ಬಂದರು. ಖುಷಿಯಾಗಿದ್ದರು. ಬಸ್ಸು ದೂರದಲ್ಲಿ ಕಂಡಾಗ, ಸುಮ್ಮನೆ ನೆನಪಾದವರಂತೆ ಕೇಳಿದರು.

"ದೇವದುರ್ಗದ ಮಿಲ್ಲಿನ್ಯಾಗೂ ನಿಮ್ಮ ಬೋರ್ಡೇ ಅದ ಅಂತಿದ್ದರಲ್ರಿ ಅಕ್ಕಾರ. ಅಲ್ಲಿ ಕಟ್ಟಿಗಿ ಯಾರು ಇಟ್ಟಾರ?"

ಅವರ ಕೈಯಿಂದ ಚೀಲ ಇಸಿದುಕೊಂಡೆ. ಬಸ್ಸು ಹತ್ತಿ ಕೂತೆ.

ಮರುವಾರ ದೇವದುರ್ಗಕ್ಕೆ ಹೋಗಿ, ಅದೇ ಪ್ರೋಗ್ರಾಂ ಇದ್ದ ಅಲ್ಲಿಯ ಚಿಪ್ ಕೂಡ ಬದಲಾಯಿಸಿದೆ. ಆಗಿನ ಆಪರೇಟರ್ ಎಲ್ಲಿ ಎಂದು ಕೇಳಿದೆ. ಆಗ ನೀವು ನೋಡಿ ಹೋದ ಮೇಲೆ ಅದೇ ವಾರ ಬಿಡಿಸಿದೆವಲ್ಲ ಎಂದರು. ಮಟಮಾರಿ ಕಡೆಯವನು ಎಂದರು ಒಬ್ಬರು, ಚೀಕಲಪರ್ವಿಯವನು ಎಂದರು ಇನ್ನೊಬ್ಬರು. ನೋಡಲು ಹೇಗಿದ್ದ ಎಂದು ಅವರು ನನ್ನನ್ನೇ ಕೇಳಿದರು. ಎಷ್ಟು ನೆನೆದರೂ ಅವನ ಮುಖ ನನ್ನ ಕಣ್ಣಿಗೆ ಬರಲಿಲ್ಲ. ಆ ದಿನದ ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು ಎಂಬುದು ಮಾತ್ರ ನೆನಪಿತ್ತು.