ಸಿದ್ದಲಿಂಗವ್ವನ ಗಂಗವ್ವ

ಕಿತ್ತೂರಿನ ನಮ್ಮ ಓಣಿಯಲ್ಲಿ ಸಿದ್ದಲಿಂಗವ್ವನ ಬೈಗುಳ ತಿನ್ನದೆ ಬಾವಿ ನೀರು ಕುಡಿದವರಿಲ್ಲ. ಕೊಡ ಹಿಡಿದು ಅವಳ ಹಿತ್ತಲಿಗೆ ಹೋದರೆ ಸಾಕು, "ಬಾ ಬಾ ಶೈಲಜಾ, ನಳ ಬರಲಿಲ್ಲಂದ್ರ ಅಷ್ಟ ನಾನು ನೆನಪಾಗತೇನಿ!" ಎಂದು ಚುಚ್ಚುತ್ತಲೇ ಹಗ್ಗ ಕೈಗೆ ಕೊಡುತ್ತಿದ್ದಳು. ಆ ಬಾವಿ ಅವಳು, ಗಂಡ ಕಾಡಪ್ಪ ಇಬ್ಬರೂ ಸೇರಿ ತೋಡಿದ್ದು. ಅವನು ತೀರಿಕೊಂಡ ಮೇಲೆ ಅವಳ ಸುಖದುಃಖವೆಲ್ಲ ಬಾವಿಯ ಮುಂದೆಯೇ. ಅದನ್ನು ಗಂಗವ್ವ ಅಂತಲೇ ಕರೆಯುತ್ತಿದ್ದಳು. ಕೇಳಿದವರಿಗೆ, "ಈಕಿ ನನ್ನ ಹಿರೇಮಗಳು, ಭಾಗ್ಯಾ ಎರಡನೇದಾಕಿ" ಅನ್ನುತ್ತಿದ್ದಳು.

ಹಿತ್ತಲ ಗೋಡೆಯಾಚೆ, ಹೈವೇಗೆ ಹೊಂದಿಕೊಂಡು ಪೆಟ್ರೋಲ್ ಪಂಪ್. ಈ ಬೇಸಿಗೆಯಲ್ಲಿ ಬಾವಿ ನೀರು ವಾಸನೆ ಹೊಡೆಯತೊಡಗಿತು. ಸಿದ್ದಲಿಂಗವ್ವ ತಂಬಿಗೆ ತುಂಬ ನೀರು ಒಯ್ದು ಪಂಪಿನ ಮ್ಯಾನೇಜರ್ ನಿಂಗರಾಜನ ಮೂಗಿಗೆ ಹಿಡಿದಳು. ಅವನು ನಗುತ್ತ, "ಹಳೇ ಬಾವಿ ಐತಿ ಅಜ್ಜಿ, ಕೆಸರು ಕೊಳತಿರತೈತಿ. ತೆಗಸ್ರಿ" ಅಂದ. ಹಾಳಾಗಿ ಹೋಗಲಿ ಅವನ ನಗು! ಇವಳು ನಂಬಿದಳು. ಆಳು ಹಚ್ಚಿ ಕೆಸರು ತೆಗೆಸಿದಳು. ಹೊಸ ನೀರು ಬಂದಾಗ ವಾಸನೆ ಕಡಿಮೆಯಾದದ್ದೂ ನಿಜ.

ಅಷ್ಟರಲ್ಲಿ ಹೆರಿಗೆಗೆ ಬಂದಿದ್ದ ಭಾಗ್ಯಾಳ ಗಂಗಿಪೂಜೆ ಬಂತು. ಬಾಣಂತಿ ಬಾವಿಗೆ ಪೂಜೆ ಮಾಡಿದ ಮೇಲೆಯೇ ನೀರು ಸೇದಬೇಕು. ಬುಟ್ಟಿಯಲ್ಲಿ ಹಣತೆಯಿಟ್ಟು ಹಗ್ಗದಿಂದ ಬಾವಿಗೆ ಇಳಿಸುವುದು ಅವರ ಮನೆತನದ ಪದ್ಧತಿ. ಮತ್ತೆ ಸಣ್ಣಗೆ ವಾಸನೆ ಬರುತ್ತಿತ್ತು. "ಗಂಗವ್ವ ಇನ್ನೂ ಸಿಟ್ಟಿನ್ಯಾಗ ಅದಾಳ, ತಂಗಿ ಕೂಸಿನ ಮಾರಿ ನೋಡಿ ಸಮಾಧಾನ ಆಗತಾಳ" ಎಂದು ಸಿದ್ದಲಿಂಗವ್ವ ತಾನೇ ಬಾಗಿ ಹಣತೆ ಇಳಿಸಿದಳು.

ಭುಗ್ಗನೆ ಬೆಂಕಿ ಮೇಲೆದ್ದಿತು. ಹಿಂದೆ ನಿಂತಿದ್ದ ಭಾಗ್ಯಾಳನ್ನೂ ಕೂಸನ್ನೂ ನಾನು ಎಳೆದುಕೊಂಡೆ. ಸಿದ್ದಲಿಂಗವ್ವನ ಎರಡೂ ಕೈ ಮೊಣಕೈತನಕ ಸುಟ್ಟವು. ನೀರಿನ ಮೇಲೆ ಬೆಂಕಿ ಉರಿಯುವುದನ್ನು ಓಣಿಯೆಲ್ಲ ಬಾಯಿ ಮೇಲೆ ಕೈಯಿಟ್ಟುಕೊಂಡು ನೋಡಿತು.

ಆಮೇಲೆ ಸಾಹೇಬರು ಬಂದರು, ನೆಲ ಅಗೆಸಿದರು. ಪಂಪಿನ ಪೈಪು ಒಳಗೊಳಗೇ ಸೋರಿ, ಪೆಟ್ರೋಲ್ ಮಣ್ಣಿಗಿಳಿದು ಬಾವಿಯ ಸೆಲೆಗೆ ಸೇರಿತ್ತು. ಪಂಪ್ ಮುಚ್ಚಿಸಿದರು. ಬಾವಿಯನ್ನೂ ಮುಚ್ಚಬೇಕೆಂದರು. ನಾನು ದವಾಖಾನೆಗೆ ಓಡಿ, "ನಿಮ್ಮದೇನೂ ತಪ್ಪಿಲ್ಲರಿ ಅತ್ತಿ, ಎಲ್ಲಾ ಆ ಭಾಡ್ಯಾಗೋಳ ಕೆಲಸ" ಅಂದೆ.

"ಎಣ್ಣಿ ಅವರದ ಇರಲಿ ಬಿಡವಾ. ದೀಪ ಹಚ್ಚಿದಾಕಿ ನಾನ ಅಲ್ಲೇನು?" ಅಂದಳು. ಎಷ್ಟು ಹೇಳಿದರೂ ಅದೊಂದೇ ಮಾತು. ತಪ್ಪು ಮಾಡಿದ ನಿಂಗರಾಜ ಆರಾಮಾಗಿ ಊರು ಬಿಟ್ಟ, ಇವಳು ಅನ್ನ ಬಿಟ್ಟಳು.

ಬಾವಿ ಮುಚ್ಚುವ ದಿನ ಹಟ ಹಿಡಿದು ಮನೆಗೆ ಬಂದಳು. ಮಗಳನ್ನು ಬರಿಗೈಲೆ ಕಳಿಸಬಾರದು, ಉಡಿ ತುಂಬಬೇಕು ಅಂದಳು. ಜೆಸಿಬಿಯವನು ಪುಣ್ಯಾತ್ಮ, ಮಷೀನು ಬಂದ್ ಮಾಡಿ ಕೆಳಗಿಳಿದು ನಿಂತ. ಹಸಿರು ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಎಲ್ಲ ತಂದಿಟ್ಟೆ. ಸಿದ್ದಲಿಂಗವ್ವ ಬಟ್ಟೆ ಸುತ್ತಿದ ಎರಡು ಕೈಗಳನ್ನೂ ಚಾಚಿದಳು. ಒಂದು ಕಾಳು ಅಕ್ಕಿಯೂ ಅವುಗಳಲ್ಲಿ ನಿಲ್ಲಲಿಲ್ಲ. ಕೊನೆಗೆ ನಾನೇ ಬಾವಿಗೆ ಹಾಕಿದೆ.

ಅವಳು ಬಾವಿ ಕಟ್ಟೆಗೆ ಹಣೆ ಹಚ್ಚಿ ಅತ್ತಳು. "ನಿನ್ನ ಉಡಿ ತುಂಬಾಕ ನನಗ ಕೈ ಸುದ್ದಾ ಉಳೀಲಿಲ್ಲ ನನ್ನವ್ವಾ."